ಏಳು ನೀರು

ಫೆಬ್ರವರಿ 4, ಮಂಗಳವಾರ

ಬೆಳಿಗ್ಗೆ ಕಾರ್ಖಾನೆಯ ಗೇಟಿಗೆ ಯಾರೋ ನೋಟೀಸು ಅಂಟಿಸಿದ್ದರು. ಕಿತ್ತು ಹಾಕಿದೆ. ಮಗ ಓಡಿ ಬಂದು, "ಅಮ್ಮಾ, ಅದು ಸರ್ಕಾರಿ ಕಾಗದ, ಕೀಳೋದು ಅಪರಾಧ" ಎಂದ. ಅಂಟು ಕಲಸಿ ಮತ್ತೆ ಅಂಟಿಸಿದೆ. ಅವರು ಅಂಟಿಸಿದ್ದಕ್ಕಿಂತ ನಾನು ಅಂಟಿಸಿದ್ದು ನೇರವಾಗಿದೆ.

ಹೈಸ್ಕೂಲನ್ನು ಫಸ್ಟ್ ಕ್ಲಾಸಿನಲ್ಲಿ ಮುಗಿಸಿದವಳು ನಾನು. ನೋಟೀಸು ಓದಿಸಿಕೊಳ್ಳಲು ಯಾರ ಮುಂದೆಯೂ ನಿಲ್ಲಬೇಕಿಲ್ಲ. ನಮ್ಮ ಬೀದಿಯ ಒಂಬತ್ತು ಬಣ್ಣದ ಕಾರ್ಖಾನೆಗಳ ನೀರು ಒಂದೇ ಚರಂಡಿಯಲ್ಲಿ ಹರಿದು ನದಿಗೆ ಬೀಳುತ್ತದಂತೆ. ನಮಗೇ ತಿಳಿಸುತ್ತಾರೆ! ಅರವತ್ತು ದಿನಗಳೊಳಗೆ ಆ ಚರಂಡಿಯ ಬಾಯಲ್ಲಿ ನೀರು ಈಗಿನ ಅರ್ಧಕ್ಕೆ ಇಳಿಯಬೇಕು. ಗಾಜಿನ ಜಾಡಿಯಲ್ಲಿ ತುಂಬಿ ಹಿಡಿದರೆ ಹಿಂದಿಟ್ಟ ಅಕ್ಷರ ಓದಲು ಬರಬೇಕು. ಇಲ್ಲವಾದರೆ ಒಂಬತ್ತಕ್ಕೂ ಬೀಗಮುದ್ರೆ. ಅಳತೆ ಒಂದೊಂದು ಕಾರ್ಖಾನೆಯದಲ್ಲ, ಇಡೀ ಬೀದಿಯದು. ಎಂಟು ಮಂದಿ ತಪ್ಪಿದರೆ ಒಂಬತ್ತನೆಯವಳಾದ ನನಗೂ ಬೀಗ.

ಮಧ್ಯಾಹ್ನ ಅಧಿಕಾರಿಯೇ ಬಂದಳು. ಸಣಕಲು ಹೆಂಗಸು, ಹೆಗಲಲ್ಲಿ ಬಾಟಲಿಗಳ ಚೀಲ. ನಮ್ಮ ಚರಂಡಿಯ ನೀರನ್ನು ಔಷಧಿ ತುಂಬಿಸಿಕೊಳ್ಳುವ ಹಾಗೆ ಬಾಟಲಿಗೆ ತುಂಬಿ ಮುಚ್ಚಳ ಹಾಕಿದಳು. "ಕುಡಿಯೋದಕ್ಕಾ?" ಎಂದು ಕೇಳಿದೆ. "ನದಿ ಕೆಳಗಿನೋರು ಅದನ್ನೇ ಕುಡೀತಿದ್ದಾರಮ್ಮ" ಎಂದಳು. ಬಾಯಿ ಇದೆ ಅವಳಿಗೆ.

ನಮ್ಮ ಹೆಸರು ಕಪ್ಪಿನದು. ವಕೀಲರ, ಜಡ್ಜುಗಳ ಗೌನಿಗೆ ಬೇಕಾದ ನೂಲನ್ನು ಅದ್ದುವುದು ನಾವು. ಅದಕ್ಕೇ ಬೀದಿಯಲ್ಲಿ ನನ್ನನ್ನು ಗೌನಿನ ಅಮ್ಮ ಎನ್ನುತ್ತಾರೆ. ಬಣ್ಣದ ತೊಟ್ಟಿಯಿಂದ ಎತ್ತಿದ ನೂಲಿನ ಲಡಿಗಳನ್ನು ಏಳು ಸಲ ತೊಳೆಯಬೇಕು, ಪ್ರತಿ ಸಲವೂ ಹೊಸ ನೀರು. ನಾನು ಈ ಮನೆಗೆ ಸೊಸೆಯಾಗಿ ಬಂದ ಮೊದಲ ವಾರವೇ ನನ್ನ ಅತ್ತೆ ಹೇಳಿದ್ದು: ಕಪ್ಪಿಗೆ ಏಳು ನೀರು. ಆಮೇಲೆ ನಮ್ಮನ್ನು ನೋಡಿ ಬೀದಿಯವರೆಲ್ಲ ಎಲ್ಲ ಬಣ್ಣಕ್ಕೂ ಏಳು ನೀರಿಗೆ ಬಂದರು. ಪ್ರತಿ ಬ್ಯಾಚಿನ ಲಡಿಗೂ ನಾನೇ ಒದ್ದೆ ಮಾಡಿದ ಬಿಳಿ ಕಾಲರ್ ತಿಕ್ಕಿ ನೋಡುತ್ತೇನೆ. ನಲವತ್ತೊಂದು ವರ್ಷದಲ್ಲಿ ಒಂದು ಕಾಲರಿಗೂ ನಮ್ಮ ಕಪ್ಪು ಹತ್ತಿಲ್ಲ.

ಅರ್ಧ ನೀರಂತೆ. ಅರ್ಧ ತೊಳೆದ ಕಪ್ಪೆಂದರೆ ವಕೀಲನ ಕತ್ತಿನ ಸುತ್ತ ಮಸಿ.

ಇದನ್ನೆಲ್ಲ ಯಾರ ಹತ್ತಿರ ಹೇಳಿಕೊಳ್ಳುವುದು? ಬಣ್ಣದ ಕಂಪನಿಯ ಏಜೆಂಟ್ ಕೊಟ್ಟ ಹೋದ ವರ್ಷದ ಡೈರಿ ಖಾಲಿ ಬಿದ್ದಿತ್ತು. ವಾರಗಳನ್ನು ತಿದ್ದಿಕೊಂಡು ಬರೆಯುತ್ತಿದ್ದೇನೆ. ನಾನು ಯಾವುದನ್ನೂ ದಂಡ ಮಾಡುವವಳಲ್ಲ.

ಫೆಬ್ರವರಿ 7, ಶುಕ್ರವಾರ

ಎದುರು ಕಾರ್ಖಾನೆಯಲ್ಲಿ ಬೀದಿಯ ಮಾಲೀಕರ ಸಭೆ. ಆ ಕಾರ್ಖಾನೆಯವನಿಗೆ ಹರೆಯದಲ್ಲಿ ಒಮ್ಮೆ ಮೀಸೆಗೆ ನೀಲಿ ಹತ್ತಿತ್ತು. ಮೀಸೆ ನರೆತರೂ ಹೆಸರು ನೀಲಿಮೀಸೆ ಎಂದೇ ಉಳಿದಿದೆ. ಅವನ ಉಪಾಯ ಕೇಳಬೇಕು.

"ಅಕ್ಕಾ, ಮಳೆನೀರಿನ ಕಾಲುವೆ ಒಣಗಿ ಬಿದ್ದಿದೆ. ನೆಲದಡಿ ಒಂದು ಪೈಪು ಹೂತುಬಿಡೋಣ. ಅರ್ಧ ನೀರು ಅಲ್ಲಿ, ಅರ್ಧ ನೀರು ಇಲ್ಲಿ. ಆಫೀಸರಮ್ಮ ಅಳೆಯೋದು ಚರಂಡಿ ಬಾಯಲ್ಲಿ ತಾನೆ?"

"ಆ ಕಾಲುವೆ ಎಲ್ಲಿಗೆ ಹೋಗತ್ತಪ್ಪ?"

"ನದಿಗೇ."

"ಅಂದ್ರೆ ಬಾಗಿಲಲ್ಲಿ ಹೋಗಬೇಡ, ಕಿಟಕಿ ಹಾರಿ ಹೋಗು ಅಂತ ನೀರಿಗೆ ಹೇಳಿಕೊಡ್ತೀಯ."

ಎಲ್ಲರೂ ನಕ್ಕರು. ನಕ್ಕವರಲ್ಲಿ ಆರು ಮಂದಿ ಪೈಪಿಗೆ ಕೈ ಎತ್ತಿದರು. ನಾನು ಎತ್ತಲಿಲ್ಲ. ಮುಚ್ಚಿಟ್ಟು ಸಾಗಿಸುವಂಥ ಕೆಲಸ ನನ್ನ ಅಂಗಳದಲ್ಲಿ ಯಾವತ್ತೂ ನಡೆದಿಲ್ಲ.

ಸಂಜೆ ಊಟದ ಮೇಜಿನಲ್ಲಿ ಸೊಸೆ ಬಾಯಿ ಬಿಟ್ಟಳು. ಅವಳು ಔಷಧಿ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಕೆಲಸಕ್ಕೆ ಹೋಗುವವಳು. ಮದುವೆಯಾಗಿ ಮೂರು ವರ್ಷ. ತೊಟ್ಟಿಗಳ ಹತ್ತಿರ ನಿನಗೆ ಕೆಲಸವಿಲ್ಲ ಎಂದು ಮೊದಲ ದಿನವೇ ಹೇಳಿದ್ದೇನೆ. ಅದಕ್ಕೇ ತೊಟ್ಟಿಗಳನ್ನು ಕಾಗದದ ಮೇಲೆ ಬರೆದುಕೊಂಡು ಬಂದಿದ್ದಳು.

"ಅತ್ತೆ, ಕೊನೇ ಸಲ ತೊಳೆದ ನೀರು ಹೆಚ್ಚುಕಮ್ಮಿ ತಿಳಿಯಾಗೇ ಇರತ್ತೆ. ಅದನ್ನ ಯಾಕೆ ಚೆಲ್ಲೋದು? ತೊಟ್ಟಿಗಳನ್ನ ಮೆಟ್ಟಿಲ ಹಾಗೆ ಜೋಡಿಸಿ. ಹೊಸ ನೀರು ಮೇಲಿನ ತೊಟ್ಟಿಗೆ ಮಾತ್ರ. ಅದು ತುಂಬಿ ಕೆಳಗಿನದಕ್ಕೆ, ಅಲ್ಲಿಂದ ಇನ್ನೂ ಕೆಳಗೆ. ನೂಲು ಮಾತ್ರ ಕೆಳಗಿಂದ ಮೇಲಕ್ಕೆ ಹತ್ತಲಿ."

"ಒಬ್ಬರು ಸ್ನಾನ ಮಾಡಿದ ನೀರಲ್ಲಿ ಇನ್ನೊಬ್ಬರು ಮುಳುಗೋ ಹಾಗೆ."

"ಕೊನೇ ಸ್ನಾನ ಹೊಸ ನೀರಲ್ಲೇ ಆಗತ್ತಲ್ವಾ ಅತ್ತೆ?"

ಮಗ ನಕ್ಕ. ಅವನ ಕಡೆ ನೋಡಿದೆ. ನಗು ನಿಂತಿತು.

ಫೆಬ್ರವರಿ 13, ಗುರುವಾರ

ಒಂದು ಬ್ಯಾಚು ಕಪ್ಪಿಗೆ ಎಷ್ಟು ನೀರು ಹೋಗುತ್ತದೆ ಎಂದು ಸೊಸೆ ಕೇಳಿದಳು. ಬೇಕಾದಷ್ಟು ಎಂದೆ. ಬೇಕಾದಷ್ಟು ಅಂದ್ರೆ ಎಷ್ಟು ಅತ್ತೆ ಎಂದಳು. ಮೇಸ್ತ್ರಿಗೂ ಗೊತ್ತಿರಲಿಲ್ಲ. ಅವನು ನನ್ನ ಮಾವನ ಕಾಲದಿಂದ ಇಲ್ಲಿರುವವನು, ಎಪ್ಪತ್ತು ದಾಟಿದೆ. ಅವನಿಗೆ ಗೊತ್ತಿಲ್ಲದ್ದು ಈ ಕಾರ್ಖಾನೆಯಲ್ಲಿ ಇದೆ ಎಂಬುದೇ ನನಗೆ ಸುದ್ದಿ. ಮಗನ ಕೈಲಿ ಅಳೆಸಿದೆ. ತೊಟ್ಟಿಗೆ ಸಾವಿರದ ಇನ್ನೂರು ಲೀಟರ್. ಬಣ್ಣಕ್ಕೆ ಒಂದು ತೊಟ್ಟಿ, ತೊಳೆಯಲು ಏಳು. ದಿನಕ್ಕೆ ನಾಲ್ಕು ಬ್ಯಾಚು.

ಹಿತ್ತಲಲ್ಲಿ ನಮ್ಮದೊಂದು ಹೊಂಡವಿದೆ. ಸುಣ್ಣ, ಪಟಿಕ ಹಾಕಿ ನೀರನ್ನು ಅಲ್ಲಿ ನಿಲ್ಲಿಸಿದರೆ ಬಣ್ಣ ತಳಕ್ಕೆ ಕೂರುತ್ತದೆ. ಆದರೆ ನಿಲ್ಲುವುದೇ ಇಲ್ಲ, ಬೆಳಿಗ್ಗೆ ಹತ್ತರೊಳಗೆ ತುಂಬಿ ಹೊರಗೆ ಹರಿಯುತ್ತದೆ. ಹೊಂಡ ಚಿಕ್ಕದಾಯಿತು ಎಂದೆ.

"ಹೊಂಡ ಚಿಕ್ಕದಲ್ಲ ಅತ್ತೆ, ನೀರು ಜಾಸ್ತಿ."

ಎಲ್ಲದಕ್ಕೂ ಒಂದು ಉತ್ತರ.

ಫೆಬ್ರವರಿ 19, ಬುಧವಾರ

ಹದಿನೈದು ದಿನ ಹೋಯಿತು. ಪೈಪು ಬೇಡ ಎಂದ ಮೇಲೆ ನನ್ನ ಕೈಯಲ್ಲಿ ಇರುವುದಾದರೂ ಏನು? ಮೆಟ್ಟಿಲ ತೊಟ್ಟಿಗಳಿಗೆ ಒಪ್ಪಿದೆ. ಆದರೆ ತೊಟ್ಟಿಗಳು ಏಳೇ ಇರಬೇಕು ಎಂದೆ. ಬಾಯ್ಲರಿಗೂ ಗೋಡೆಗೂ ನಡುವೆ ಐದಕ್ಕೆ ಮಾತ್ರ ಜಾಗ ಎಂದು ಮಗ ತೋರಿಸಿದ. ಗೋಡೆಯ ಆಚೆ ನನ್ನ ಆಫೀಸು ಕೋಣೆ. "ಗೋಡೆ ಒಡೀರಿ" ಎಂದೆ. "ಅಮ್ಮಾ, ಅದು ಭಾರ ಹೊರೋ ಗೋಡೆ" ಎಂದ. "ನಾನೂ ಭಾರ ಹೊರೋಳೇ. ನನ್ನ ಕೋಣೆ ಹೋಗಲಿ, ಏಳು ನೀರು ಹೋಗೋದು ಬೇಡ" ಎಂದೆ.

ಫೆಬ್ರವರಿ 21, ಶುಕ್ರವಾರ

ಗಾರೆಯವರು ಬಂದರು. ಒಬ್ಬ ಸುತ್ತಿಗೆ ಎತ್ತಿದ್ದ. ಮೇಸ್ತ್ರಿ ಎಲ್ಲಿಂದಲೋ ಓಡಿ ಬಂದ. ಎಪ್ಪತ್ತು ದಾಟಿದ ಕಾಲುಗಳು ಹಾಗೆ ಓಡಿದ್ದನ್ನು ನಾನು ನೋಡಿಯೇ ಇರಲಿಲ್ಲ. ಗೋಡೆಗೆ ಬೆನ್ನು ಕೊಟ್ಟು ನಿಂತು, "ಒಡೀಬೇಡಿ ಅಮ್ಮಾ, ಐದೇ ಸಾಕು" ಎಂದ.

"ಏನು ಐದು?"

"ನೀರು. ಈ ಮನೇಲಿ ಮೊದಲಿಂದ್ಲೂ ಐದೇ ನೀರು."

ನನಗೆ ಕೋಪ ಬರಲಿಲ್ಲ. ಇವನಿಗೆ ವಯಸ್ಸಾಯಿತು ಅನ್ನಿಸಿತು. ನೀರು ಕುಡಿದು ಕೂತುಕೋ ಎಂದೆ. ಅವನು ಕೂರಲಿಲ್ಲ.

"ನೀವು ಬಂದ ವಾರ ದೊಡ್ಡಮ್ಮನೋರು ನನ್ನ ಕರೆದು ಹೇಳಿದ್ರು. ಹೊಸ ಸೊಸೆ, ಓದಿದ ಹುಡುಗಿ, ಬೆನ್ನು ನೋವು ಅಂತ ಒಂದೆರಡು ನೀರು ಕದ್ದೇ ಕದೀತಾಳೆ. ಅದಕ್ಕೆ ಏಳು ಅಂತ ಹೇಳಿದೀನಿ, ಕದ್ದ ಮೇಲೆ ಐದು ಉಳಿಯತ್ತೆ. ನೀನು ಬಾಯಿ ಬಿಡಬೇಡ, ಅಂದ್ರು."

ಗಾರೆಯವನು ಸುತ್ತಿಗೆ ಕೆಳಗಿಟ್ಟ.

"ನೀವು ಒಂದೂ ಕದೀಲಿಲ್ಲ ಅಮ್ಮಾ. ಒಂದು ತಿಂಗಳು ನೋಡಿದ್ವಿ. ಒಂದು ವರ್ಷ ನೋಡಿದ್ವಿ. ಆಮೇಲೆ ಯಾವ ಬಾಯಲ್ಲಿ ಹೇಳೋದು?"

"ಅತ್ತೆ ಹೇಳಬಹುದಿತ್ತಲ್ಲ."

"ನಿನ್ನನ್ನ ಕಳ್ಳಿ ಅಂದ್ಕೊಂಡಿದ್ದೆ ಅಂತ ಅವರು ಹೇಳಬೇಕಿತ್ತು. ಅವರು ನಿಮ್ಮ ಅತ್ತೆ. ನಿಮಗೇ ಗೊತ್ತಲ್ಲ."

ನನಗೆ ಗೊತ್ತು.

ಸೊಸೆ ಬಾಗಿಲಲ್ಲಿ ನಿಂತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಾಳೆ. ನಗುತ್ತಾಳೆ ಎಂದುಕೊಂಡೆ. ನಗಲಿಲ್ಲ. ಗಾರೆಯವರಿಗೆ, "ಇವತ್ತು ಹೋಗಿಬನ್ನಿ" ಎಂದಳು. ನನ್ನ ಕಾರ್ಖಾನೆಯಲ್ಲಿ ಅವಳು ಕೊಟ್ಟ ಮೊದಲ ಅಪ್ಪಣೆ. ನಾನು ತಡೆಯಲಿಲ್ಲ.

ಫೆಬ್ರವರಿ 22, ಶನಿವಾರ

ಏನೂ ಇಲ್ಲ.

ಫೆಬ್ರವರಿ 25, ಮಂಗಳವಾರ

ಹೈಸ್ಕೂಲಿನ ಗಣಿತದಲ್ಲಿ ನನಗೆ ನೂರಕ್ಕೆ ಎಂಬತ್ತೆಂಟು. ಬ್ಯಾಚಿಗೆ ಎರಡು ತೊಟ್ಟಿ ಹೆಚ್ಚು, ದಿನಕ್ಕೆ ನಾಲ್ಕು ಬ್ಯಾಚು, ವರ್ಷಕ್ಕೆ ಮುನ್ನೂರು ದಿನ, ನಲವತ್ತೊಂದು ವರ್ಷ. ಹನ್ನೊಂದು ಕೋಟಿ ಎಂಬತ್ತು ಲಕ್ಷದ ಎಂಬತ್ತು ಸಾವಿರ ಲೀಟರ್. ಮೂರು ಸಲ ಗುಣಿಸಿದೆ. ಮೂರು ಸಲವೂ ಅಷ್ಟೇ ಬಂತು. ನಮ್ಮನ್ನು ನೋಡಿ ಕಲಿತ ಇನ್ನೂ ಎಂಟು ಕಾರ್ಖಾನೆಗಳಿವೆ. ಅದನ್ನು ಗುಣಿಸುವ ಮೊದಲೇ ಪೆನ್ನಿಗೆ ಮುಚ್ಚಳ ಹಾಕಿದೆ.

ಒಂದು ಗೋಣಿ ದಾರವನ್ನೂ ಬಿಸಾಡಿದವಳಲ್ಲ ನಾನು. ಬಂದ ಲಕೋಟೆಗಳನ್ನು ಮಗುಚಿ ಮತ್ತೆ ಬಳಸುತ್ತೇನೆ.

ಯಾರಿಗೂ ಹೇಳದೆ ಸೇತುವೆಗೆ ನಡೆದು ಹೋದೆ. ಇಪ್ಪತ್ತು ವರ್ಷದಿಂದ ಆ ಕಡೆ ತಲೆ ಹಾಕಿರಲಿಲ್ಲ. ನಮ್ಮ ಬೀದಿಯ ಚರಂಡಿ ಸೇತುವೆಯ ಕೆಳಗೇ ಬೀಳುತ್ತದೆ. ನದಿಯ ಅಂಚಿನುದ್ದಕ್ಕೂ ಕಪ್ಪು ಪಟ್ಟಿಯೊಂದು ಬಹಳ ದೂರ ಹೋಗುತ್ತದೆ, ಅದರ ಪಕ್ಕದಲ್ಲಿ ತೆಳ್ಳಗೆ ಕೆಂಪು. ಕಲ್ಲುಗಳ ಮೇಲೆ ಬಣ್ಣ ಗಾರೆಯ ಹಾಗೆ ಕಟ್ಟಿದೆ. ವಾಸನೆ ನನಗೆ ಹೊಸದಲ್ಲ. ಆದರೆ ಕಾರ್ಖಾನೆಯೊಳಗೆ ಅದು ಕೆಲಸದ ವಾಸನೆ, ಅಲ್ಲಿ ಬರೀ ವಾಸನೆ.

ಕಟ್ಟೆಯ ಪಕ್ಕ ಟೀ ಮಾರುವವನೊಬ್ಬ ಗಿರಾಕಿ ಇಲ್ಲದೆ ಕೂತಿದ್ದ. ತಾನಾಗಿಯೇ ಮಾತಿಗೆ ಬಂದ.

"ನೋಡ್ತಿದೀರಾ? ಆ ಬೀದಿಗೆ ಯಾವ ಆರ್ಡರ್ ಬಂದಿದೆ ಅಂತ ಇಲ್ಲಿ ನಿಂತೇ ಹೇಳ್ತೀನಿ. ಇವತ್ತು ಕಪ್ಪು. ಆ ಕಪ್ಪು ಗೌನಿನ ಅಮ್ಮಂದು."

"ಅವರದೇ ಅಂತ ಹೇಗೆ ಹೇಳ್ತೀಯ?"

"ಬೇರೆಯವರ ಕಪ್ಪು ಸ್ವಲ್ಪ ದೂರ ಹೋದ್ರೆ ಕಂದು ಹೊಡೆಯತ್ತೆ. ಇದು ಆ ತಿರುವಿನ ತನಕ ಕಪ್ಪಾಗೇ ಹೋಗತ್ತೆ."

ನನ್ನ ತಲೆ ತಾನಾಗಿ ಮೇಲೆದ್ದಿತು. ಹೆಮ್ಮೆಯಿಂದಲೇ. ಏನು ಮಾಡುತ್ತಿದ್ದೇನೆಂದು ತಿಳಿದ ಮೇಲೆ ಆ ಸೇತುವೆಯ ಮೇಲೆ ನಿಲ್ಲಲು ಆಗಲಿಲ್ಲ. ಟೀಗೆ ದುಡ್ಡು ಕೊಟ್ಟು, ಕುಡಿಯದೆ ಬಂದೆ.

ಮಾರ್ಚ್ 3, ಸೋಮವಾರ

ಐದು ತೊಟ್ಟಿಗಳ ಮೆಟ್ಟಿಲು ಸಿದ್ಧವಾಯಿತು. ಗೋಡೆ ಉಳಿಯಿತು. ಮೊದಲ ಬ್ಯಾಚು ಅದ್ದಿದೆವು. ಮೇಲಿಂದ ನೀರು ಇಳಿಯುತ್ತಿತ್ತು, ಕೆಳಗಿನಿಂದ ನೂಲು ಏರುತ್ತಿತ್ತು. ಸೊಸೆ ರಜೆ ಹಾಕಿ ಬಂದಿದ್ದಳು. ಕೊನೆಯ ತೊಟ್ಟಿಯಿಂದ ಎತ್ತಿದ ಲಡಿಗೆ ಕಾಲರ್ ತಿಕ್ಕಿದೆ.

ಕಾಲರಿಗೆ ಕಪ್ಪು ಹತ್ತಿತು.

ಕೆಲಸದವರೆಲ್ಲ ನನ್ನ ಮುಖ ನೋಡಿದರು. ನಾನು ಕಾಲರನ್ನು ನೋಡಿದೆ. ನಲವತ್ತೊಂದು ವರ್ಷದಲ್ಲಿ ಮೊದಲನೆಯದು. "ನನ್ನ ಲೆಕ್ಕ ತಪ್ಪಿರಬೇಕು ಅತ್ತೆ" ಎಂದು ಸೊಸೆ ಮೆಲ್ಲಗೆ ಹೇಳಿದಳು. ಅವಳಿಗೆ ನಾಲ್ಕು ಮಾತು ಬಿಸಿಯಾಗಿ ಹೇಳಲು ಅದಕ್ಕಿಂತ ಒಳ್ಳೆಯ ಸಮಯ ಇರಲಿಲ್ಲ. ಹೇಳಲಿಲ್ಲ. ತಲೆನೋವಿತ್ತು.

ಮಾರ್ಚ್ 5, ಬುಧವಾರ

ಕೆಳಗಿನಿಂದ ಮೂರನೆಯ ತೊಟ್ಟಿ ಸೋಪಿನದು. ಕುದಿಯುವ ಹಾಗೆ ಬಿಸಿ ಇದ್ದರೆ ಮಾತ್ರ ನೂಲಿಗೆ ಅಂಟಿಕೊಂಡ ಹೆಚ್ಚುವರಿ ಬಣ್ಣ ಬಿಡುತ್ತದೆ. ಸೊಸೆ ಬೆಳಿಗ್ಗೆ ಥರ್ಮಾಮೀಟರ್ ಇಟ್ಟು ನೋಡಿ ಸರಿಯಾಗಿದೆ ಎಂದು ಬರೆದುಕೊಂಡಿದ್ದಳು. ನಾನು ಮಧ್ಯಾಹ್ನ ಹೋಗಿ, ತೊಟ್ಟಿಯ ಹೊರಮೈಗೆ ಮೊಣಕೈ ತಾಗಿಸಿದೆ, ಮಗುವಿನ ಸ್ನಾನದ ನೀರು ನೋಡುವ ಹಾಗೆ. ಕೂಸನ್ನು ಮೀಯಿಸಬಹುದಿತ್ತು.

"ಇಲ್ಲಿ ಬಾ" ಎಂದು ಕರೆದೆ. "ಮೇಲಿನ ತೊಟ್ಟಿಯ ತಣ್ಣೀರು ಎಲ್ಲಿಗೆ ಇಳೀತಿದೆ?"

"ಇದಕ್ಕೆ."

"ಬಿಸಿ ಸೋಪಿನ ನೀರಿಗೆ ದಿನವಿಡೀ ತಣ್ಣೀರು ಸುರೀತಾ ಇದ್ರೆ ಅದು ಬಿಸಿ ಹೇಗಿರತ್ತೆ? ನಿನ್ನ ಲೆಕ್ಕ ಸರಿ ಇದೆ. ಬಿಸಿ ತಪ್ಪಿದೆ."

ಅವಳು ಮೇಲಿನ ತೊಟ್ಟಿಯಿಂದ ಕೆಳಗಿನದಕ್ಕೆ ಗಾಳಿಯಲ್ಲಿ ಬೆರಳಿನಿಂದ ಗೆರೆ ಎಳೆದಳು. ಆಮೇಲೆ, "ಮೂರನೇದನ್ನ ಬಿಟ್ಟು, ನಾಲ್ಕರಿಂದ ನೇರ ಎರಡಕ್ಕೆ ಪಕ್ಕದಿಂದ ಪೈಪು!" ಎಂದು ಕೂಗಿದಳು.

"ಸೋಪಿನ ತೊಟ್ಟಿ ತನ್ನ ಪಾಡಿಗೆ ಬಿಸಿಯಾಗಿ ಕೂತಿರಲಿ. ಒಂದೇ ಸೋಪಿನ ನೀರಲ್ಲಿ ದಿನದ ನಾಲ್ಕೂ ಬ್ಯಾಚು ಆಗತ್ತೆ."

"ಅತ್ತೆ, ಇದು ನನಗೆ ಯಾಕೆ ಹೊಳೀಲಿಲ್ಲ?"

"ನಿನ್ನ ಥರ್ಮಾಮೀಟರಿಗೆ ಮಕ್ಕಳಾಗಿಲ್ಲ" ಎಂದೆ. ಮೇಸ್ತ್ರಿ ಬಗ್ಗಿ ಬಗ್ಗಿ ನಕ್ಕ. ಅವಳೂ ನಕ್ಕಳು. ಅವಳ ನಗುವಿಗೆ ಸದ್ದಿದೆ ಎಂದು ನನಗೆ ಗೊತ್ತಿರಲಿಲ್ಲ. ಮನೆಯಲ್ಲಿ ಯಾಕೆ ಕೇಳಿಸುವುದಿಲ್ಲವೋ.

ಮಾರ್ಚ್ 11, ಮಂಗಳವಾರ

ಕಾಲರ್ ಬಿಳಿ!

ನಾಲ್ಕು ಬ್ಯಾಚು, ನಾಲ್ಕು ಕಾಲರ್, ನಾಲ್ಕೂ ಬಿಳಿ. ಮೇಸ್ತ್ರಿ ಒಂದನ್ನು ತಲೆಯ ಮೇಲೆ ಇಟ್ಟುಕೊಂಡು ಕಾರ್ಖಾನೆ ಸುತ್ತಿದ. ನೋಡಿಯೂ ನೋಡದ ಹಾಗೆ ಇದ್ದೆ.

ಬಣ್ಣಕ್ಕೆ ಒಂದು ತೊಟ್ಟಿ, ಮೇಲಿಂದ ಇಳಿಯುವ ಹೊಸ ನೀರು ಎರಡು ತೊಟ್ಟಿಯಷ್ಟು. ಎಂಟು ಹೋಗುತ್ತಿದ್ದಲ್ಲಿ ಮೂರು ಹೋಗುತ್ತಿದೆ, ಜೊತೆಗೆ ದಿನಕ್ಕೆ ಒಂದು ತೊಟ್ಟಿ ಸೋಪಿನ ನೀರು. ಅರ್ಧಕ್ಕಿಂತ ಕಡಿಮೆ. ಹಿತ್ತಲ ಹೊಂಡದಲ್ಲಿ ಈಗ ನೀರಿಗೆ ನಿಲ್ಲಲು ಪುರುಸೊತ್ತಿದೆ. ನಿನ್ನೆ ಸಂಜೆ ಸುಣ್ಣ, ಪಟಿಕ ಹಾಕಿದ್ದೆವು. ಬೆಳಿಗ್ಗೆ ಬಗ್ಗಿ ನೋಡಿದರೆ ಹೊಂಡದ ತಳದಲ್ಲಿ ಬಿದ್ದಿದ್ದ ಒಂದು ಚಮಚ ಕಂಡಿತು. ಅದು ಹನ್ನೆರಡು ವರ್ಷದ ಹಿಂದೆ ಕಳೆದಿತ್ತು. ಅದನ್ನು ಕದ್ದಳೆಂದು ಒಬ್ಬ ಕೆಲಸದವಳನ್ನು ಬೈದಿದ್ದೆ. ಅವಳು ಈಗ ಎಲ್ಲಿದ್ದಾಳೋ ವಿಚಾರಿಸಬೇಕು.

ಆದರೆ ಸೊಸೆ ಚರಂಡಿಯ ಬಾಯಿಗೆ ಹೋಗಿ ಅಳೆದು ಬಂದಳು. ಅಲ್ಲಿ ಇಳಿದದ್ದು ನಮ್ಮ ಪಾಲು ಮಾತ್ರ. ಒಂಬತ್ತರಲ್ಲಿ ಒಂದು. ಎದುರಿಗೆ ನೀಲಿಮೀಸೆ ಪೈಪಿಗೆ ನೆಲ ಅಗೆಸುತ್ತಿದ್ದಾನೆ. ಉಳಿದವರು ಸಾಲುಗಟ್ಟಿ ಅವನ ಹಿಂದಿದ್ದಾರೆ. ಇನ್ನು ಇಪ್ಪತ್ತೈದು ದಿನ.

"ನಮ್ಮ ತೊಟ್ಟಿಗಳನ್ನ ಅವರಿಗೂ ತೋರಿಸಿದ್ರೆ?" ಎಂದ ಮಗ.

"ತೋರಿಸಿದ್ರೆ ಮೊದಲು ಏನು ಕೇಳ್ತಾರೆ ಹೇಳು" ಎಂದೆ.

ಏಳು ಯಾಕೆ ಐದಾಯಿತು ಎಂದು ಕೇಳುತ್ತಾರೆ.

ಮಾರ್ಚ್ 14, ಶುಕ್ರವಾರ

ಹಳೆಯ ಮಾಲು, ಹೊಸ ಯಂತ್ರ, ಬೇರೆ ಸೋಪು. ಎರಡು ದಿನದಿಂದ ಏನೇನೋ ಕಾರಣ ಕಟ್ಟಿ ನೋಡಿದೆ. ಯಾವುದೂ ನಿಲ್ಲುವುದಿಲ್ಲ. ಬಣ್ಣದವರು ಬುದ್ಧಿವಂತರು. ಸುಳ್ಳು ಎಂದು ಅನ್ನಿಸಿದರೆ ಏಳನ್ನು ಬಿಡುವುದಿಲ್ಲ.

ಸೊಸೆ, "ನಾನು ಹೇಳ್ತೀನಿ ಅತ್ತೆ. ಪ್ರಯೋಗ ಮಾಡಿದಾಗ ಗೊತ್ತಾಯ್ತು ಅಂತ. ನಿಮ್ಮ ವಿಷಯ ಬೇಡ" ಎಂದಳು. ನನ್ನ ಮಾನ ಕಾಪಾಡಲು ಹೊರಟಿದ್ದಾಳೆ. ನನ್ನ ಮಾನಕ್ಕೆ ಅವಳ ಊರುಗೋಲು ಬೇಕೆ?

ಮಾರ್ಚ್ 16, ಭಾನುವಾರ

ಎಂಟೂ ಮಂದಿ ಮಾಲೀಕರನ್ನು ಕರೆಸಿದೆ. ಬರುವಾಗ ಅವರವರ ಮನೆಯ ಬಿಳಿ ಕಾಲರ್ ತನ್ನಿ ಎಂದಿದ್ದೆ. ನನ್ನ ಕಾಲರ್ ಮೇಲೆ ಅನುಮಾನ ಬೇಡ. ತಂದರು. ತಿಕ್ಕಿದರು. ನೀಲಿಮೀಸೆ ಚರ್ಮ ಕಿತ್ತು ಬರುವ ಹಾಗೆ ತಿಕ್ಕಿದ. ಬಿಳಿ. ಬೆಳಕಿಗೆ ಹಿಡಿದು ನೋಡಿದ. ಬಿಳಿಯೇ.

"ಎಷ್ಟು ನೀರಕ್ಕಾ?"

"ಐದು."

"ಅಕ್ಕಾ, ತಮಾಷೆ ಬೇಡ. ಗೌನಿನ ಅಮ್ಮ ಐದಕ್ಕೆ ಇಳಿಯೋದುಂಟಾ?"

ನಿಂತುಕೊಂಡೇ ಹೇಳಿದೆ. ನನ್ನ ಅತ್ತೆ ನಾನು ಕದಿಯುತ್ತೇನೆ ಎಂದು ಎರಡು ಸೇರಿಸಿ ಹೇಳಿದ್ದರು. ನಾನು ಕದಿಯಲಿಲ್ಲ. ನಲವತ್ತೊಂದು ವರ್ಷ ಯಾಕೆ ಎಂದೂ ಕೇಳಲಿಲ್ಲ. ನನ್ನನ್ನು ನೋಡಿ ನೀವೂ ಕೇಳಲಿಲ್ಲ. ಈ ಬೀದಿಯ ಚರಂಡಿಯಲ್ಲಿ ಏಳರಲ್ಲಿ ಎರಡು ಪಾಲು ನನ್ನ ಮೂರ್ಖತನ ಹರಿಯುತ್ತಿದೆ. ಹೀಗೇ ಹೇಳಿದೆ. ಎಲ್ಲ ಹೇಳಿ ಮುಗಿಸುವವರೆಗೆ ಯಾರ ಮುಖವನ್ನೂ ಬಿಡದೆ ನೋಡಿದೆ.

ಆಮೇಲೆ ನೀಲಿಮೀಸೆ ಎರಡು ಕೈಯಲ್ಲೂ ತಲೆ ಹಿಡಿದುಕೊಂಡ.

"ಅಯ್ಯೋ ಅಕ್ಕಾ! ಮೂವತ್ತು ವರ್ಷದ ಹಿಂದೆ ನಿಮ್ಮ ಕೆಲಸದವನನ್ನ ಪುಸಲಾಯಿಸಿ ನಮ್ಮಲ್ಲಿಗೆ ಕರಕೊಂಡೆನಲ್ಲ, ಈ ಗುಟ್ಟು ಕದಿಯೋದಕ್ಕೇ! ಕದ್ದದ್ದು ಇದಾ?"

"ಕದ್ದ ಮಾಲಿಗೆ ಗ್ಯಾರಂಟಿ ಕೊಡಲ್ಲ ನಾನು."

ಮೊದಲು ಮೇಸ್ತ್ರಿ ನಕ್ಕ, ಆಮೇಲೆ ಎಲ್ಲರೂ. ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ನನಗೂ ತಡೆಯಲಾಗಲಿಲ್ಲ. ಇವರ ಮುಂದೆ ನಾನು ನಕ್ಕದ್ದು ಇದೇ ಮೊದಲಿರಬೇಕು. ಒಬ್ಬ ಹೆದರಿ ಪಕ್ಕಕ್ಕೆ ಸರಿದ.

ನಂತರ ಸೊಸೆ ಕಾಗದ ಹರಡಿ ಮೆಟ್ಟಿಲ ತೊಟ್ಟಿಗಳ ವಿವರ ಹೇಳಿದಳು. ಸೋಪಿನ ತೊಟ್ಟಿಯ ಪಕ್ಕದ ಪೈಪಿಗೆ ಬಂದಾಗ, "ಇದು ಅತ್ತೆಯದು. ಇದಿಲ್ಲದೆ ಉಳಿದದ್ದು ಯಾವುದೂ ನಡೆಯಲ್ಲ" ಎಂದಳು. ಅಷ್ಟು ಹೇಳಬೇಕಾಗಿರಲಿಲ್ಲ.

ಪೈಪು ಬೇಕು ಎಂದು ಯಾರೂ ಕೈ ಎತ್ತಲಿಲ್ಲ. ತಂದಿಟ್ಟ ಪೈಪು ಏನು ಮಾಡಲಿ ಎಂದು ನೀಲಿಮೀಸೆ ಗೋಳಾಡಿದ. ತುಂಡು ಮಾಡಿ ತೊಟ್ಟಿಗಳ ನಡುವೆ ಜೋಡಿಸು ಎಂದೆ.

ಮಾರ್ಚ್ 24, ಸೋಮವಾರ

ದಿನಕ್ಕೆ ಎರಡು ಕಾರ್ಖಾನೆ ಸುತ್ತುತ್ತಿದ್ದೇವೆ, ನಾನು ಮತ್ತು ನಮ್ಮ ಹುಡುಗಿ. ಅವಳದು ಥರ್ಮಾಮೀಟರ್, ನನ್ನದು ಮೊಣಕೈ. ಅವಳು ನಯವಾಗಿ ಹೇಳುತ್ತಾಳೆ. ಕೇಳದಿದ್ದವರ ಕಡೆ ನಾನು ತಿರುಗುತ್ತೇನೆ. ನಾಲ್ಕು ಮುಗಿದವು. ಮೂಲೆಯ ಕಾರ್ಖಾನೆಯವನು ಹಳದಿಯ ನಂತರ ಕಪ್ಪು, ಕಪ್ಪಿನ ನಂತರ ಮತ್ತೆ ಹಳದಿ ಅದ್ದುತ್ತಾನೆ. ಪ್ರತಿ ಸಲವೂ ತೊಟ್ಟಿ ತೊಳೆಯಲು ಬೇರೆ ನೀರು. ತಿಳಿ ಬಣ್ಣದಿಂದ ಶುರು ಮಾಡಿ ಗಾಢ ಬಣ್ಣಕ್ಕೆ ಬಂದರೆ ತೊಟ್ಟಿ ತೊಳೆಯುವುದೇ ಬೇಡ ಎಂದು ಅವನ ಹೆಂಡತಿ ಹತ್ತು ವರ್ಷದಿಂದ ಹೇಳುತ್ತಿದ್ದಾಳಂತೆ. "ಹೆಂಡತಿ ಹೇಳಿದ್ದನ್ನ ಕೇಳೋಕೆ ನಿನಗೂ ನೋಟೀಸು ಬೇಕಾಯ್ತಾ?" ಎಂದೆ. ಅವಳು ಒಳಗಿನಿಂದ ನನಗೆ ಕುರ್ಚಿ ತಂದು ಹಾಕಿದಳು.

ಏಪ್ರಿಲ್ 4, ಶುಕ್ರವಾರ

ಒಂಬತ್ತೂ ಮುಗಿದವು. ಕೊನೆಯದು ನೀಲಿಮೀಸೆಯದು, ನಿನ್ನೆ. ನಾಳೆ ಅಳತೆ. ಈ ಬೀದಿಯಲ್ಲಿ ಇನ್ನೂರು ಮಂದಿ ಕೆಲಸ ಮಾಡುತ್ತಾರೆ. ಪೆನ್ನು ಹಿಡಿಯಲು ಮನಸ್ಸಿಲ್ಲ.

ಏಪ್ರಿಲ್ 5, ಶನಿವಾರ

ಅಧಿಕಾರಿ ಒಂಬತ್ತು ಗಂಟೆಗೆ ಬಂದಳು. ಎಲ್ಲ ಕಾರ್ಖಾನೆಗಳೂ ಕೆಲಸದಲ್ಲಿರಬೇಕು, ಒಂದನ್ನೂ ನಿಲ್ಲಿಸುವಂತಿಲ್ಲ ಎಂದಳು. ನಿಲ್ಲಿಸುವವರು ಯಾರು ಎಂದೆ. ತೊಟ್ಟಿಗಳ ಹತ್ತಿರ ಬೇಕಾದವರನ್ನು ಬಿಟ್ಟು ಬೀದಿಯ ಜನವೆಲ್ಲ ಚರಂಡಿಯ ಬಾಯಲ್ಲಿ ನೆರೆದಿತ್ತು. ಜಾತ್ರೆಗೂ ಅಷ್ಟು ಜನ ಸೇರುವುದಿಲ್ಲ. ನದಿಯ ದಂಡೆಯಲ್ಲಿ ಮೂಗು ಮುಚ್ಚದೆ ನಿಂತಿದ್ದೆವು, ಅದನ್ನು ಆಮೇಲೆ ಗಮನಿಸಿದೆ.

ಮೊದಲು ಅವಳು ನೇರ ಮಳೆನೀರಿನ ಕಾಲುವೆಗೆ ಹೋದಳು. ಹಳೆಯ ಹುಲಿ! ಎಲ್ಲ ಬೀದಿಗಳ ನೀಲಿಮೀಸೆಗಳನ್ನೂ ನೋಡಿದ್ದಾಳೆ. ಬಗ್ಗಿ ಬೆರಳು ಹಾಕಿದಳು. ಒಣ ಧೂಳು. ಅಲ್ಲೊಂದು ಹಲ್ಲಿ ಮಲಗಿತ್ತು. ನಮ್ಮ ನೀಲಿಮೀಸೆ ಕರವಸ್ತ್ರ ತೆಗೆದು ಮುಖ ಒರೆಸಿದ.

ಚರಂಡಿಯ ಬಾಯಿಗೆ ಗೆರೆ ಕೊರೆದ ಹಲಗೆ ಇಳಿಸಿ, ಗಂಟೆಗೊಮ್ಮೆ ನೀರು ಎಷ್ಟು ಗೆರೆ ಏರಿದೆ ಎಂದು ಬರೆದುಕೊಂಡಳು. ಸಂಜೆ ನಾಲ್ಕರವರೆಗೆ. ಯಾರೂ ಊಟಕ್ಕೂ ಅಲುಗಲಿಲ್ಲ. ಕೊನೆಗೆ ಕೂಡಿ, ಭಾಗಿಸಿ, ಮತ್ತೆ ಕೂಡಿದಳು. ನಾನು ಅವಳ ಹೆಗಲ ಮೇಲಿಂದ ನೋಡಿ ಅವಳಿಗಿಂತ ಮೊದಲೇ ಭಾಗಿಸಿದ್ದೆ.

"ನೂರಕ್ಕೆ ನಲವತ್ತಮೂರು" ಎಂದಳು.

"ನಲವತ್ತೆರಡೂವರೆ" ಎಂದೆ. ಮತ್ತೆ ನೋಡಿ, "ಹೌದು, ನಲವತ್ತೆರಡೂವರೆ" ಎಂದಳು.

ಕೂಗು ಎದ್ದಿತು. ಕೈ ಎತ್ತಿ ನಿಲ್ಲಿಸಿದೆ. ಜಾಡಿ ಇನ್ನೂ ಉಳಿದಿತ್ತು. ಅವಳು ನೀರು ತುಂಬಿದಳು. ಹಿಂದಿಟ್ಟು ಓದಲು ಅವಳ ಚೀಲದಲ್ಲಿ ಇದ್ದದ್ದು ನಮ್ಮ ನೋಟೀಸಿನ ಪ್ರತಿಯೇ. ಹಿಡಿದಳು. ನೀರಲ್ಲಿ ಸ್ವಲ್ಪ ಬಣ್ಣ ಇತ್ತು, ತೀರಾ ತೆಳುವಾದ ಟೀ ಹಾಗೆ. "ಯಾರಾದರೂ ಓದಿ" ಎಂದಳು. ಕನ್ನಡಕ ಹಾಕಿಕೊಂಡು ಮುಂದೆ ಹೋದೆ. ಬೀದಿಗೆಲ್ಲ ಕೇಳುವ ಹಾಗೆ ಓದಿದೆ:

"ತಪ್ಪಿದಲ್ಲಿ ಒಂಬತ್ತೂ ಕಾರ್ಖಾನೆಗಳಿಗೆ ಬೀಗಮುದ್ರೆ ಹಾಕಲಾಗುವುದು."

ಇಷ್ಟು ಸಂತೋಷದಿಂದ ಆ ಸಾಲನ್ನು ಯಾರೂ ಓದಿರಲಾರರು. ಆಮೇಲೆ ಆದ ಗದ್ದಲದಲ್ಲಿ ನನಗೆ ಏನೂ ಕೇಳಿಸಲಿಲ್ಲ. ಮೇಸ್ತ್ರಿಯನ್ನು ಯಾರೋ ಹೆಗಲ ಮೇಲೆ ಹೊತ್ತಿದ್ದರು, ಇಳಿಸಿರೋ ಸೊಂಟ ಮುರಿಯತ್ತೆ ಎಂದು ಅವನು ಅರಚುತ್ತಿದ್ದ. ಮೂಲೆಯವನ ಹೆಂಡತಿ ನನ್ನನ್ನು ತಬ್ಬಿಕೊಂಡಳು. ನೀಲಿಮೀಸೆ ಅಳುತ್ತಿದ್ದ. ಅಧಿಕಾರಿ ನನ್ನ ಹತ್ತಿರ ಬಂದು, "ಪಕ್ಕದ ಬೀದಿಯ ಚರ್ಮದ ಕಾರ್ಖಾನೆಯವರು ನನ್ನ ಮಾತು ಕೇಳ್ತಿಲ್ಲಮ್ಮ. ಒಂದು ಸಲ ಬರ್ತೀರಾ?" ಎಂದಳು.

"ಚರ್ಮ ನನಗೆ ಗೊತ್ತಿಲ್ಲ" ಎಂದೆ. "ಆದರೆ ಅವರ ಹೆಂಡಂದಿರ ಹತ್ತಿರ ಮಾತಾಡ್ತೀನಿ."

ಏಪ್ರಿಲ್ 7, ಸೋಮವಾರ

ಇನ್ನು ಮೇಲೆ ವಾರದಲ್ಲಿ ಮೂರು ದಿನ ನಮ್ಮ ಹುಡುಗಿ ಔಷಧಿ ಕಾರ್ಖಾನೆಗೆ ಹೋಗುತ್ತಾಳೆ, ಮೂರು ದಿನ ಇಲ್ಲಿ. ಅವಳೇ ಕೇಳಿದಳು. ಸರಿ ಎಂದೆ. ಇದರಲ್ಲಿ ವಿಶೇಷವೇನೂ ಇಲ್ಲ, ತೊಟ್ಟಿಗಳಿಗೆ ಕೈ ಬೇಕು.

ಇವತ್ತು ಕಪ್ಪು ಹೇಳಿಕೊಟ್ಟೆ. ಬಣ್ಣ ಎಷ್ಟು, ಯಾವಾಗ, ಬಿಸಿ ಎಷ್ಟು. ಕಪ್ಪು ನಿಲ್ಲುವುದು ಉಪ್ಪಿನಿಂದ. ಉಪ್ಪಿನ ಅಳತೆ ಈ ಮನೆಯಲ್ಲಿ ನನಗೂ ಮೇಸ್ತ್ರಿಗೂ ಮಾತ್ರ ಗೊತ್ತು.

"ಎಷ್ಟು ಬಕೆಟ್ ಅತ್ತೆ?"

ಹೊಸ ಕೈ. ತುಂಬಿದ ಬಕೆಟ್ ಎತ್ತಲಾರದೆ ಅರ್ಧರ್ಧ ತುಂಬಿ ಸುರಿಯುತ್ತಾಳೆ, ಎಣಿಸುವಾಗ ಒಂದೆರಡು ಬಿಡುತ್ತಾಳೆ. ನಾಲಿಗೆಯ ತುದಿಗೆ ಹದಿನೆಂಟು ಬಂದಿತ್ತು. ಮೇಸ್ತ್ರಿ ಕೆಲಸ ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದ.

"ಹದಿನಾರು" ಎಂದೆ.

"ಹದಿನಾರೇನಾ?"

"ಹದಿನಾರೇ."

ಅವಳು ಸೆರಗು ಬಿಗಿದು ಮೊದಲನೆಯ ಬಕೆಟ್ ಎತ್ತಿದಳು. ನಾನು ಬೆನ್ನು ತಿರುಗಿಸಿ ನನ್ನ ಕೋಣೆಗೆ ಬಂದು ಇದನ್ನು ಬರೆಯುತ್ತಿದ್ದೇನೆ. ಗೋಡೆಯ ಆಚೆ ಉಪ್ಪು ಬೀಳುವ ಸದ್ದು ಕೇಳುತ್ತಿದೆ. ನಾನು ಎಣಿಸುತ್ತಿಲ್ಲ.